ಹಿಡಿಯದೆ ತಡೆಯುವವಳು

ಹೊರಗೆ ನಲವತ್ತು ಡಿಗ್ರಿ ಬಿಸಿಲು, ಕಾರಿನ ಬಾಗಿಲು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನಾನು ಸ್ವೆಟರ್, ಮಂಕಿ ಟೋಪಿ ಹಿಡಿದು ಹೊರಡುತ್ತೇನೆ. ಮೆಲ್ಬರ್ನ್‌ನಲ್ಲಿ ಹೆಂಗಸರ ಐಸ್ ಹಾಕಿ ನಡೆಯುವುದು ಬೇಸಿಗೆಯಲ್ಲಿ! ರಿಂಕ್ ಎಂದರೆ ಗೋದಾಮಿನಂಥ ಕಟ್ಟಡ, ಒಳಗೆ ನೆಲವೆಲ್ಲ ಮಂಜುಗಡ್ಡೆ. ಮೊದಲ ದಿನ ಒಳಹೊಕ್ಕಾಗ ಮಲ್ಪೆಯ ಐಸ್ ಪ್ಲಾಂಟ್ ನೆನಪಾಯಿತು, ಮೀನಿನ ವಾಸನೆ ಮಾತ್ರ ಇರಲಿಲ್ಲ.

ಊರಲ್ಲಿ ನಾನು ಕಬಡ್ಡಿ ಆಡಿದವಳು, ಬಂಟ್ವಾಳದ ಕಾಲೇಜು ತಂಡದ ಬಲ ಕಾರ್ನರ್. ಮದುವೆಯಾಗಿ ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ಗೆ ಬಂದ ಮೇಲೆ ಆಟ ನಿಂತಿತು, ಮಾತೂ ಕಡಿಮೆಯಾಯಿತು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ನನ್ನೊಂದಿಗೆ ದುಡಿಯುವ ಕ್ಯಾರನ್ ಈ ಲೀಗಿನ ಪ್ರಶಸ್ತಿ ಸಮಿತಿಯಲ್ಲಿದ್ದಳು. ಅಲ್ಲಿ ಒಬ್ಬರು ಕಡಿಮೆ ಬಿದ್ದಾಗ, "ನೀನೂ ಆಟಗಾರ್ತಿಯೇ ತಾನೆ, ಬಾ" ಎಂದು ನನ್ನನ್ನು ಎಳೆದುಕೊಂಡು ಹೋದಳು. ನಾವು ಆರಿಸಬೇಕಾದದ್ದು ರಕ್ಷಣೆಯಲ್ಲಿ ಮೇಲಾದ ಫಾರ್ವರ್ಡ್ ಆಟಗಾರ್ತಿಯನ್ನು. ಅಂದರೆ, ಗೋಲು ಹೊಡೆಯುವ ಸಾಲಿನಲ್ಲಿದ್ದೂ ಎದುರಾಳಿಯ ಗೋಲು ತಪ್ಪಿಸುವವಳನ್ನು. ಪ್ರತಿ ಪಂದ್ಯದ ಕೊನೆಗೆ ಮೂವರಿಗೆ ಮೂರು, ಎರಡು, ಒಂದು ಎಂದು ಓಟು ಹಾಕುವುದು ಇಲ್ಲಿನ ಪದ್ಧತಿ.

ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಒಬ್ಬಳು ಎದುರಾಳಿಯ ಸೊಂಟ ಅಪ್ಪಿ ನಿಲ್ಲಿಸಿದಳು. ಅಬ್ಬಾ ಹಿಡಿತವೇ ಎಂದು ಎದ್ದು ಚಪ್ಪಾಳೆ ತಟ್ಟಿದೆ. ರೆಫರಿ ಅವಳನ್ನು ಎರಡು ನಿಮಿಷ ಹೊರಗೆ ಕೂರಿಸಿದ್ದನ್ನು ಸುಧಾರಿಸಿಕೊಳ್ಳಲಿಕ್ಕೆಂದು ತಿಳಿದು, ಕೊನೆಗೆ ಅವಳಿಗೇ ಮೂರು ಓಟು ಕೊಟ್ಟೆ. ಇಲ್ಲಿ ಹಿಡಿಯುವುದೇ ತಪ್ಪಂತೆ! ಸಮಿತಿಯ ಹಿರಿಯ ಗ್ಲೆನ್ ಕಣ್ಣೊರೆಸಿಕೊಂಡು ನಕ್ಕರು. ಊರಲ್ಲಾದರೆ ಅಷ್ಟು ವಯಸ್ಸಿನವರನ್ನು ಸರ್ ಎನ್ನುತ್ತಿದ್ದೆ. ಇಲ್ಲಿ ಬರಿ ಹೆಸರು.

"ಎಂತ ಮಾರಾಯ್ತಿ, ಐಸಿನ ಮೇಲೆ ಕಬಡ್ಡಿ ಆಡಿಸ್ಲಿಕ್ಕೆ ಹೋದದ್ದಾ?" ಎಂದು ಗಂಡ ಹರೀಶ ಕಾಡಿಸಿದ.

"ಅಮ್ಮ, ಜಸ್ಟ್ ಕ್ವಿಟ್" ಎಂದಳು ಮಗಳು.

"ಬಿಡುದಿಲ್ಲ" ಎಂದೆ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು ನಿಜ. ಆದರೆ ಆಟದ ವಿಷಯದಲ್ಲೂ ಬಾಯಿ ಮುಚ್ಚಿಕೊಂಡರೆ ಈ ದೇಶದಲ್ಲಿ ನನ್ನ ಮಾತಿಗೆ ಬೆಲೆ ಸಿಗುವ ಜಾಗ ಬೇರೆ ಯಾವುದೂ ಉಳಿಯುತ್ತಿರಲಿಲ್ಲ.

ಬೇಸಿಗೆಯಿಡೀ ಪಂದ್ಯ ನೋಡಿದೆ. ಇಲ್ಲಿ ಚೆಂಡಿಲ್ಲ, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ. ಎಲ್ಲರ ಕಣ್ಣು ಅದರ ಹಿಂದೆ. ನಾನೋ ರೈಡರ್‌ಗಳ ಕಾಲು ನೋಡಿ ಬೆಳೆದವಳು. ಹಾಗೆ ನೋಡುತ್ತಾ ಟೆಸ್ ಎಂಬ ಹುಡುಗಿ ಕಣ್ಣಿಗೆ ಬಿದ್ದಳು. ಅವಳ ಗೋಲುಗಳು ಕಡಿಮೆ. ಆದರೆ ಎದುರಾಳಿ ಎತ್ತ ತಿರುಗುವಳೋ ಅತ್ತ ಇವಳು ಮೊದಲೇ ಬಂದು ನಿಂತಿರುತ್ತಿದ್ದಳು.

ಕೊನೆಯ ಸಭೆ ರಿಂಕಿನ ಕ್ಯಾಂಟೀನಿನಲ್ಲಿ. ಓಟು ಕೂಡಿಸಿದರೆ ಇಬ್ಬರು ಸಮ, ಒಬ್ಬಳನ್ನು ನಾವೇ ಕೂತು ಆರಿಸಬೇಕಿತ್ತು. ಗ್ಲೆನ್ ಹೆಚ್ಚು ಗೋಲು ಹೊಡೆದವಳ ಹೆಸರು ಹೇಳಿದರು. ನಾನು ಟೆಸ್ ಎಂದೆ. "ಹಿಡಿದವಳಿಗೆ ಓಟು ಕೊಟ್ಟವಳಲ್ಲವೇ ನೀನು?" ಎಂದು ನಕ್ಕರು.

ಸಿಟ್ಟು ನೆತ್ತಿಗೇರಿತು. ಎದ್ದು ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿದೆ. "ನನ್ನನ್ನು ದಾಟಿ ಆ ಬಾಗಿಲು ಮುಟ್ಟಿ ನೋಡೋಣ" ಎಂದು ಕೈ ಬೆನ್ನಿಗೆ ಕಟ್ಟಿ ನಿಂತೆ. ಗ್ಲೆನ್ ಎಡಕ್ಕೆ ಬಂದರು, ನಾನಿದ್ದೆ. ಬಲಕ್ಕೆ ಹೊರಳಿದರು, ಅಲ್ಲೂ ಇದ್ದೆ. ಸರಿಯುತ್ತ ಸರಿಯುತ್ತ ಕೋಕ್ ಮೆಷಿನ್‌ಗೆ ಬೆನ್ನು ತಾಗಿಸಿ ಏದುಸಿರು ಬಿಟ್ಟರು.

"ನಾನು ಮುಟ್ಟಿದೆನಾ?"

"ಇಲ್ಲ."

"ಟೆಸ್ ಮಾಡುವುದು ಇದನ್ನೇ."

ಕ್ಯಾರನ್ ಮೊದಲು ಕೈ ಎತ್ತಿದಳು, ಆಮೇಲೆ ಗ್ಲೆನ್. "ಮುಂದಿನ ವರ್ಷವೂ ನೀನು ಬರಬೇಕು" ಎಂದರು. ಆ ದಿನ ಕಾರಿನಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ.

ಆಮೇಲೆ ರಜೆಗೆ ಊರಿಗೆ ಬಂದೆ. ಶಾಲೆಯ ಮೈದಾನದಲ್ಲಿ ಹುಡುಗಿಯರ ಕಬಡ್ಡಿ. ತಂಗಿಯ ಮಗಳು ರಕ್ಷಾ ನನ್ನದೇ ಜಾಗದಲ್ಲಿ, ಬಲ ಕಾರ್ನರ್‌ನಲ್ಲಿ ನಿಂತಿದ್ದಳು. ಕೊನೆಯ ರೈಡ್. ರಕ್ಷಾ ಹಾರಿ ರೈಡರ್‌ನ ಕಾಲು ಹಿಡಿದಳು.

"ಹಿಡಿಬೇಡ!" ಎಂದು ಕೂಗಿದೆ.

ಗಾಬರಿಯಲ್ಲಿ ಅವಳು ಕೈ ಸಡಿಲಿಸಿದಳು. ರೈಡರ್ ಜಿಗಿದು ಗೆರೆ ಮುಟ್ಟಿದಳು. ಪಂದ್ಯ ಹೋಯಿತು.

ಪಕ್ಕದಲ್ಲಿದ್ದ ತಂಗಿ ನನ್ನತ್ತ ತಿರುಗಿದಳು. "ನೀನು ಯಾರ ಕಡೆ ಅಕ್ಕಾ?"

ಮೈದಾನದಲ್ಲಿ ರಕ್ಷಾ ಇನ್ನೂ ಖಾಲಿ ಕೈ ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದಳು.