ಹೊತ್ತು ಮುಳುಗಿದ ಮೇಲಿನ ಜಗಳ

ಸಂಜೆ ನಾಲ್ಕು ಗಂಟೆಯಾದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಾಂಡವಪುರದ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ, ಯಾವ ಬಸ್ಸು ಹೊರಟಿದೆಯೋ ಅದನ್ನು ಹತ್ತುತ್ತೇನೆ. ಒಂದು ದಿನ ಕೆ.ಆರ್. ಪೇಟೆಗೆ ಹೋಗಿ, ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ಹಿಂದಕ್ಕೆ ಬಂದೆ. ಏನಾದರೂ ಮರೆತು ಬಂದಿರಾ ಎಂದು ಕಂಡಕ್ಟರು ಕೇಳಿದ. ಹೌದು ಎಂದೆ. ಏನು ಎಂದು ಕೇಳಲಿಲ್ಲ, ಪುಣ್ಯಾತ್ಮ. ಕತ್ತಲಾಗುವ ತನಕ ಹೀಗೆ ಅಲೆದರೆ ಆಮೇಲೆ ಒಂದಿಷ್ಟು ಸಮಾಧಾನ. ಈ ಕಾಯಿಲೆ ಅಂಟಿಸಿದವಳು ನನ್ನ ಹೆಂಡತಿ ಲೂರ್ದಮ್ಮ. ಅವಳು ತೀರಿಕೊಂಡು ಏಳು ತಿಂಗಳಾಯಿತು.

ನಾವು ಕ್ರೈಸ್ತರು. ಕೋಪ ಬಂದರೆ ಬರಲಿ, ಆದರೆ ಹೊತ್ತು ಮುಳುಗುವುದರೊಳಗೆ ಅದನ್ನು ಬಿಟ್ಟುಬಿಡಬೇಕು ಎಂಬ ಉಪದೇಶ ನಮ್ಮಲ್ಲಿದೆ. ಎಷ್ಟೋ ಸಂಸಾರಗಳು ಇದರಿಂದ ಉಳಿದಿವೆ ಎನ್ನುತ್ತಾರೆ. ಇದನ್ನು ಹೇಳಿದವರು ಮಾತ್ರ ಸಂಸಾರಿಯಾಗಿರಲಿಲ್ಲ ಎಂದು ನನ್ನ ಗುಮಾನಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಹೋಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಬಂದ ಕೋಪಕ್ಕೆ ಕೈಕಾಲು ಚಾಚಲೂ ಪುರುಸೊತ್ತಿಲ್ಲ. ಬೇಸಿಗೆಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ಸಿಗುತ್ತದೆ. ಆಷಾಢದ ಮೋಡದಲ್ಲಿ ಸೂರ್ಯ ಹುಟ್ಟಿದ್ದೇ ಕಾಣದಿದ್ದರೆ ಮುಳುಗಿದ್ದು ಯಾವಾಗ ಎನ್ನುವುದು? ಈ ಪ್ರಶ್ನೆಯ ಮೇಲೆಯೇ ನಾವು ಒಂದು ದಿನ ಜಗಳವಾಡಿದ್ದೇವೆ.

ಪಕ್ಕದ ಮನೆಯ ನಿಂಗೇಗೌಡನಲ್ಲಿ ಕಟ್ಟಳೆ ಬೇರೆ. ಮುಸ್ಸಂಜೆ ದೀಪ ಹಚ್ಚುವಾಗ ಬಾಯಿ ಮಾಡಬಾರದು, ಬಾಗಿಲಿಗೆ ಬಂದ ಲಕ್ಷ್ಮಿ ಹಿಂದಕ್ಕೆ ಹೋಗುತ್ತಾಳೆ. ಹೀಗಾಗಿ ಆ ಅರ್ಧ ಗಂಟೆ ನಮ್ಮ ಬೀದಿಯಲ್ಲಿ ಎರಡು ಧರ್ಮದವರೂ ಬಾಯಿ ಮುಚ್ಚಿಕೊಂಡಿರುತ್ತಾರೆ.

ಲೂರ್ದಮ್ಮ ನಮ್ಮ ಉಪದೇಶವನ್ನು ಒಂದು ದಿನವೂ ಮೀರಿದವಳಲ್ಲ. ಆದರೆ ಒಂದು ಉಪಾಯ ಕಂಡುಕೊಂಡಿದ್ದಳು. ಹಗಲು ಎಷ್ಟೇ ಸಿಟ್ಟು ಬಂದರೂ ನುಂಗಿಕೊಂಡು, ಹಿತ್ತಿಲಲ್ಲಿ ನಿಂತು ತೆಂಗಿನ ಮರಗಳ ಹಿಂದೆ ಕೆಂಪು ಆರುವುದನ್ನೇ ಕಾಯುತ್ತಿದ್ದಳು. ಹೊತ್ತು ಮುಳುಗಿತೋ, ಒಳಗೆ ಬಂದು ಶುರು ಮಾಡುತ್ತಿದ್ದಳು. ಆಗ ಶುರುವಾದ ಕೋಪಕ್ಕೆ ಮಾರನೆಯ ದಿನ ಹೊತ್ತು ಮುಳುಗುವ ತನಕ ವಾಯಿದೆ. ಆ ಸಂಜೆ ಐದೂ ಮುಕ್ಕಾಲಿಗೆ ಕಾಫಿ ಲೋಟ ತಂದು ನನ್ನ ಮುಂದೆ ಕುಕ್ಕಿದಳೆಂದರೆ ರಾಜಿಯಾಯಿತು ಎಂದರ್ಥ. ನಾಲೆಯ ತೂಬು ಎತ್ತಿ ಇಳಿಸುವ ಕೆಲಸದಲ್ಲಿ ನನ್ನ ಆಯುಷ್ಯ ಕಳೆಯಿತು. ಹೊತ್ತಿಗೆ ಸರಿಯಾಗಿ ಬಿಡುವುದು, ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು ನನಗಿಂತ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ನಮ್ಮಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿ ಒಂದು ತರಬೇತಿಗೆ ಕೂರಬೇಕು. ಮದುವೆ ಕೋರ್ಸು ಎನ್ನುತ್ತೇವೆ. ಕೊನೆಗೆ ಸರ್ಟಿಫಿಕೇಟೂ ಉಂಟು. ನಿಂಗೇಗೌಡ ಇದನ್ನು ಕೇಳಿ, "ಮದ್ವೆಗೂ ಟ್ರೈನಿಂಗಾ? ನಮ್ಮಲ್ಲಿ ತಾಳಿ ಕಟ್ಟುದ್ ಮ್ಯಾಲೆ ಟ್ರೈನಿಂಗು ಕಣ್ಲಾ. ಸಾಯೋಗಂಟ ಪಾಸೇ ಆಗಕಿಲ್ಲ" ಎಂದಿದ್ದ. ಶ್ರೀರಂಗಪಟ್ಟಣದಲ್ಲಿ ಚರ್ಚಿನ ಪಕ್ಕದ ಹಾಲಿನಲ್ಲಿ ನಡೆಯುವ ಈ ಕೋರ್ಸಿನಲ್ಲಿ ಕಾನೂನು ಹೇಳಲು ಒಬ್ಬ ವಕೀಲರು, ಆರೋಗ್ಯ ಹೇಳಲು ಒಬ್ಬ ಡಾಕ್ಟರು, ಸಂಸಾರ ಹೇಳಲು ನಾವಿಬ್ಬರು. ಪ್ರತಿ ಭಾನುವಾರ ಒಂದೇ ಮೊಪೆಡ್ಡಿನಲ್ಲಿ ಪೂಜೆಗೆ ಬರುವ ಅನ್ಯೋನ್ಯ ದಂಪತಿ ಎಂದು ನಮ್ಮನ್ನು ಆರಿಸಿದ್ದರು. ಇನ್ನೊಂದು ಮೊಪೆಡ್ಡು ನಮ್ಮಲ್ಲಿ ಇರಲಿಲ್ಲ. ಮಾತಾಡುತ್ತಿದ್ದವಳು ಅವಳು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ.

ಕಳೆದ ಸಲ ಫಾದರ್ ನನ್ನ ಕೈಗೂ ಮೈಕು ಕೊಟ್ಟರು. ಏನು ಹೇಳುವುದೆಂದು ತೋಚದೆ ಅವಳ ಸಂಜೆಯ ಉಪಾಯವನ್ನು ಹೇಳಿಬಿಟ್ಟೆ. ಹಾಲಿಗೆ ಹಾಲೇ ನಕ್ಕಿತು. ಫಾದರ್ ಕಣ್ಣೊರೆಸಿಕೊಂಡರು. ನನ್ನ ಮಾತಿಗೆ ಜನ ನಕ್ಕಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಇನ್ನೂ ನಾಲ್ಕು ಸೇರಿಸಿ ಹೇಳಿದೆ. ಅವಳೂ ನಗುತ್ತಿದ್ದಳು. ಮೊಪೆಡ್ಡಿನಲ್ಲಿ ಮನೆಗೆ ಬಂದೆವು. ಹೊತ್ತು ಮುಳುಗಿದ್ದೇ ತಡ, ದೀಪ ಹಾಕಿ ಬಂದು ನಿಂತಳು.

"ಮನೆ ಜಗಳನ ಬೀದೀಲಿ ಅರಾಜ್ ಆಕ್ತೀರಾ? ನಗ್ಸೋಕೆ ನಾನೇ ಬೇಕಾಗಿತ್ತಾ ನಿಮ್ಗೆ? ಇನ್ಮ್ಯಾಲೆ ಆಚೆ ಯಾರ್ಗೂ ಯೋಳಕಿಲ್ಲ ಅಂತ ಮಾತ್ ಕೊಡಿ."

ಕೊಡಲಿಲ್ಲ. ಜನ ನಕ್ಕಿದ್ದರ ಅಮಲು ಇನ್ನೂ ಇಳಿದಿರಲಿಲ್ಲ. ಜೊತೆಗೆ, ನಾಳೆ ಸಂಜೆಯ ತನಕ ಸಮಯವಿದೆಯಲ್ಲ ಎಂದುಕೊಂಡೆ.

ಮಾರನೆಯ ದಿನ ಹನ್ನೊಂದು ಗಂಟೆಗೆ, ಒಗೆದ ಬಟ್ಟೆಯನ್ನು ತಂತಿಗೆ ಹಾಕುತ್ತಾ ಕುಸಿದಳು. ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಳು. ಆಟೋದಿಂದ ಇಳಿದು ನಾನು ತಲೆಯೆತ್ತಿ ನೋಡಿದ್ದು ಸೂರ್ಯನನ್ನು. ನೆತ್ತಿಯ ಮೇಲಿದ್ದ.

ಮಣ್ಣು ಮಾಡಿದ ದಿನ, ಜಗಳವೇ ಕಾಣದ ಜೋಡಿ ಎಂದು ಎಲ್ಲರೂ ಹೇಳಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪಾಪನಿವೇದನೆಗೆ ಹೋಗಿ, ಹೆಂಡತಿ ಕೇಳಿದ ಮಾತು ಕೊಡಲಿಲ್ಲ ಸ್ವಾಮಿ, ಎಂದೆ. ಏನು ಮಾತು ಎಂದು ಫಾದರ್ ಕೇಳಿದರು. ಅದನ್ನು ಹೇಳಿದರೆ ಮತ್ತೆ ಆಚೆ ಹೇಳಿದಂತೆಯೇ ಆಗುತ್ತದಲ್ಲ, ಸುಮ್ಮನಾದೆ. ಮೂರು ಜಪ ಹೇಳಲು ತಿಳಿಸಿದರು. ಜಪ ಬೇಗ ಮುಗಿಯಿತು, ತಳಮಳ ಮುಗಿಯಲಿಲ್ಲ.

ಹೋದ ವಾರ ಫಾದರ್ ಫೋನು ಮಾಡಿದರು. ಮತ್ತೆ ಕೋರ್ಸು ಇದೆ, ಒಬ್ಬರೇ ಆದರೂ ಬನ್ನಿ, ಆ ಹೊತ್ತು ಮುಳುಗುವ ಕತೆ ಹೇಳಿ ಸಾಕು, ಮಕ್ಕಳಿಗೆ ಹಿಡಿಸುತ್ತದೆ ಎಂದರು. ನನ್ನಲ್ಲಿ ಇರುವುದೇ ಅದೊಂದು ಕತೆ. ಅವಳು ಬೇಡವೆಂದಿದ್ದೂ ಅದೊಂದನ್ನೇ. ಎರಡು ದಿನ ಒದ್ದಾಡಿ, ಕತೆ ಏನೆಂದು ಬಿಡಿಸದೆ, ನಿಂಗೇಗೌಡನ ಮುಂದೆ ಬಾಯಿ ಬಿಟ್ಟೆ.

"ಓಗಿ ಯೋಳ್ಲಾ ಚೌರಪ್ಪ. ಸತ್ತೋರ್ಗೆ ಏನ್ ಕೇಳ್ತದೆ?" ಎಂದ.

"ಕೇಳಕಿಲ್ಲ ಅಂತ ನಿಂಗ್ಯಾರ್ಲಾ ಯೋಳ್ದೋರು?"

ಅವನು ನನ್ನ ಮುಖವನ್ನೇ ನೋಡಿದ. "ಅಂಗಾರೆ ಅವ್ಳ್ಗೆ ಇನ್ನೂ ಎದುರ್ಕೊಂಡೇ ಇದ್ದೀಯ ಅನ್ನು. ಒಳ್ಳೇದಾಯ್ತು ಬುಡು."

ಕೋರ್ಸಿಗೆ ಹೋದೆ. ಹತ್ತು ಜೋಡಿ ಕೂತಿದ್ದವು. ಫಾದರ್ ಮೈಕು ಕೊಟ್ಟು, ಆ ಕತೆ ಹೇಳಿ ಎಂದರು. ನಿಂತೆ. ಒಂದು ಸಲ ಹೇಳಿದರೆ ಎಲ್ಲರೂ ನಗುತ್ತಾರೆ, ಆ ನಗುವಿನಲ್ಲಿ ಅವಳೂ ಅರೆಗಳಿಗೆ ಬಂದು ಹೋಗುತ್ತಾಳೆ ಎನ್ನಿಸಿತು.

"ಅದು ನಾವಿಬ್ರೂ ಸೇರಿ ಮಾಡಿದ್ ಕತೆ," ಎಂದೆ. "ನಾನೊಬ್ನೇ ಯೋಳಂಗಿಲ್ಲ. ಬ್ಯಾಡ ಅಂದವ್ಳೆ."

ಮುಂದಿನ ಸಾಲಿನಲ್ಲಿ ನಾಗಮಂಗಲದ ಕಡೆಯ ಒಂದು ಹುಡುಗಿ ಕೂತಿತ್ತು. ಅದಕ್ಕೆ ಏನೂ ಗೊತ್ತಿಲ್ಲ. "ಅದ್ಕೇ ಅಮ್ಮೋರು ಬರ್ನಿಲ್ವಾ ಅಂಕಲ್? ಜಗಳವಾ?" ಎಂದಿತು.

"ಊಂ ಕಣವ್ವಾ. ಇನ್ನೂ ಮುಗ್ದಿಲ್ಲ."

ಎಲ್ಲರೂ ನಕ್ಕರು. ಫಾದರ್ ಒಬ್ಬರೇ ನಗಲಿಲ್ಲ. ಮೈಕು ತೆಗೆದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, ಮರಣ ಅಗಲಿಸುವ ತನಕ ಎಂದು ಮದುವೆಯಲ್ಲಿ ಮಾಡುವ ಪ್ರಮಾಣದ ವಿಷಯಕ್ಕೆ ಬಂದರು.

ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನಿಂಗೇಗೌಡನ ಮನೆಯಲ್ಲಿ ಏಳು ಜನ್ಮದ ನಂಟು ಎನ್ನುತ್ತಾರೆ. ನಮ್ಮದು ಒಂದೇ, ಅದೂ ಸಾವಿನ ತನಕ. ಲೂರ್ದಮ್ಮನನ್ನು ಮಣ್ಣು ಮಾಡಿದ ದಿನವೇ ನನಗೆ ಬಿಡುಗಡೆ. ಬೇಕಿದ್ದರೆ ಇನ್ನೊಂದು ಮದುವೆಗೂ ಅಡ್ಡಿಯಿಲ್ಲ. ನಿಯಮ ಸರಿಯಾಗಿಯೇ ಇದೆ. ಆದರೆ ಕೊಡಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು ಏಳು ತಿಂಗಳಿಂದ ಬಸ್ಸು ಹತ್ತಿ ಇಳಿಯುತ್ತಿರುವವನಿಗೆ ಬಿಡುಗಡೆ ಕೊಡುವವರು ಯಾರು? ಕಾವೇರಿ ಸೇತುವೆ ದಾಟುವಾಗ, "ಆಯ್ತು ಬುಡು, ಆಚೆ ಯಾರ್ಗೂ ಯೋಳಕಿಲ್ಲ" ಎಂದೆ. ಜೋರಾಗಿಯೇ ಹೇಳಿರಬೇಕು. ಪಕ್ಕದಲ್ಲಿದ್ದವರು ಫೋನಿನಲ್ಲಿ ಮಾತಾಡುತ್ತಿದ್ದೇನೆ ಅಂದುಕೊಂಡು ಮುಖ ಆಚೆ ತಿರುಗಿಸಿದರು.

ಮಾತು ಕೊಟ್ಟು ಮೂರು ದಿನವೂ ಆಗಿಲ್ಲ, ಎಲ್ಲವನ್ನೂ ನಿಮ್ಮ ಮುಂದೆ ಬರೆದುಬಿಟ್ಟಿದ್ದೇನೆ. ಯೋಳ್ಬ್ಯಾಡಿ ಎಂದಿದ್ದಳೇ ಹೊರತು ಬರೆಯಬೇಡಿ ಎಂದಿರಲಿಲ್ಲ, ಎನ್ನುವುದು ನನ್ನ ವಾದ. ಅವಳು ಒಪ್ಪುವವಳಲ್ಲ. ಒಪ್ಪದೇ ಇರಲಿ.