ಬೇಚಿರಾಗ್ ಊರಿನ ನಕ್ಷೆ

ನಕ್ಷೆ ನೋಡಿದರೆ ನನಗೆ ಮೊದಲು ಬರುವುದು ಅನುಮಾನ. ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಖೋಲಿಯಲ್ಲಿ ಕೂತು ಮೂವತ್ತು ವರ್ಷ ಹೊಲಗಳ ನಕ್ಷೆ ನಕಲು ಮಾಡಿದ್ದೇನೆ. ಅರ್ಜಿ ಹಾಕುವವರು ಹಳೆಯ ಹಾಳೆ ತರುತ್ತಿದ್ದರು, ನಾನು ಅದರ ಮೇಲೆ ತೆಳು ಕಾಗದ ಹಾಸಿ ಗೆರೆ ಎಳೆದು ಕೊಡುತ್ತಿದ್ದೆ. ಪಕ್ಕದಲ್ಲಿ ನಿಂತವರ ಕಣ್ಣು ಹಾಳೆಯ ಯಾವ ಮೂಲೆಯಲ್ಲಿದೆ ಎಂದು ನೋಡಿದರೆ ಸಾಕು, ಯಾರ ಹೊಲದ ಮೇಲೆ ಯಾರಿಗೆ ಆಸೆ ಎಂಬುದು ತಿಳಿದುಬಿಡುತ್ತಿತ್ತು. ನಾನು ರೊಟ್ಟಿಯನ್ನೂ ತಿರುಗಿಸಿ ನೋಡಿಯೇ ತಿನ್ನುವವನು ಎಂದು ನನ್ನ ಹೆಂಡತಿ ಇದ್ದಷ್ಟು ದಿನ ಆಡಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ.

ಮಗಳು ನಾರಾಯಣಪೇಟೆಯ ಒಂದು ಸೀರೆ ಅಂಗಡಿಗೆ ಅಂಚಿನ ಡಿಸೈನು ಬಿಡಿಸಿ ಕೊಡುತ್ತಾಳೆ. ಮಕ್ತಲ್‌ನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮನೆ ತುಂಬಾ ಅವಳ ಚೌಕುಳಿ ಹಾಳೆಗಳು. ಒಂದು ದಿನ ಬೆಳಗ್ಗೆ ಆ ಹಾಳೆಗಳ ನಡುವೆ ಅಂಚೂ ಅಲ್ಲದ, ಸೆರಗೂ ಅಲ್ಲದ ಒಂದು ಚಿತ್ರ ಕಂಡಿತು. ಬಿದ್ದ ಗೋಡೆಗಳು, ಮೆಟ್ಟಿಲಿನ ಬಾವಿ, ಬಾವಿಯೊಳಗೆ ಕೊಂಬಿನ ಒಂದು ಭೂತ, ಹುಣಸೆಮರ, ಬೀರಪ್ಪನ ಗುಡಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಬೇಚಿರಾಗ್.

ಅದು ನನ್ನ ಕಸುಬಿನ ಮಾತು. ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ, ಜನ ಬಿಟ್ಟು ಹೋದ ಊರಿಗೆ ನಿಜಾಮರ ಕಾಲದ ದಫ್ತರದಲ್ಲಿ ಬೇಚಿರಾಗ್ ಎಂದು ಬರೆಯುತ್ತಿದ್ದರು. ನಮ್ಮ ಹಿರಿಯರ ಊರೂ ಹಾಗೆಯೇ. ಎಲ್ಲರೂ ರಸ್ತೆ ಕಡೆಗೆ ಬಂದು ಮನೆ ಕಟ್ಟಿಕೊಂಡರು. ಅಲ್ಲಿ ಉಳಿದದ್ದು ನಮ್ಮ ಹೊಲ, ಬೀರಪ್ಪ, ಮತ್ತು ನನ್ನ ಅಕ್ಕ.

"ಏನಿದು?" ಎಂದೆ.

ಮಗಳು ತಲೆ ಬಾಚಿಕೊಳ್ಳುತ್ತಲೇ ಹೇಳಿದಳು, "ಆಟದ್ದಪ್ಪಾ. ಗದ್ವಾಲದಾಗ ನಾಕು ಮಂದಿ ಕೂಡಿ ಆಡ್ತೀವಿ. ಆಟದ ಪುಸ್ತಕದಾಗ ಒಂದು ಪಾಳು ಊರಿನ ಕಥಿ ಐತಿ, ನಕ್ಷಾ ಇಲ್ಲ. ಅದಕ್ಕ ಆಟ ಹಚ್ಚಿಕೊಂಡೋರು ತಾವಾ ಬರ್ಕೊಂತಾರ. ಪರದೇಶದಾಗೂ ಹಂಗ. ನಾ ನಮ್ಮ ಹಳೇ ಊರ ನೋಡಿ ಬರ್ದೀನಿ."

"ಆಟಕ್ಕ ನಕ್ಷಾ ಯಾಕ?"

"ದಾಳ ಹಾಕಿ ಅದರಾಗ ಅಡ್ಡಾಡಾಕ."

ದಾಳ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಜೂಜೇ ಇರಬೇಕು ಎಂದುಕೊಂಡೆ. ಆದರೆ ಹಾಳೆಯನ್ನು ಮತ್ತೊಮ್ಮೆ ನೋಡಿದಾಗ ಜೂಜು ಮರೆತೇಹೋಯಿತು. ಗುಡಿಯ ಹಿಂದೆ ಎರಡು ಅಂಕಣದ ಒಂದು ಮನೆ, ಮುಂದೆ ಬೇವಿನ ಗಿಡ, ಬಾಗಿಲಿನ ಗೂಡಿನಲ್ಲಿ ಒಂದು ಹಳದಿ ಚುಕ್ಕೆ. ಅದು ಅಕ್ಕನ ಮನೆ. ಬಾಗಿಲಿನಿಂದ ಬಾವಿಯವರೆಗೆ ಚುಕ್ಕೆ ಚುಕ್ಕೆ ಗೆರೆ, ಅದರ ಪಕ್ಕ ನಲವತ್ತೊಂದು ಎಂದು ಬರೆದಿತ್ತು.

"ಈ ಲೆಕ್ಕ ಯಾರು ಕೊಟ್ಟರು?"

"ಅತ್ತಿ. ಹೆಜ್ಜಿ ಹಾಕಿ ಎಣಿಸಿ ಹೇಳಿದ್ಲು."

ಸುಮ್ಮಸುಮ್ಮನೆ ಯಾರೂ ಹೆಜ್ಜೆ ಎಣಿಸುವುದಿಲ್ಲ. ನನ್ನ ಖೋಲಿಗೆ ಬಂದವರೆಲ್ಲ ಮೊದಲು ಹೆಜ್ಜೆ ಎಣಿಸಿ, ಆಮೇಲೆ ವಕೀಲರ ಮನೆ ಹತ್ತಿದವರೇ.

ನಾನು ಹೆದರಿದ್ದು ಯಾಕೆಂದು ಹೇಳಿಬಿಡುತ್ತೇನೆ. ಅಕ್ಕ ಗಂಡ ಸತ್ತು ಉಂಡವಳ್ಳಿಯಿಂದ ವಾಪಸು ಬಂದಾಗ ಅಪ್ಪ ನಮ್ಮ ಹೊಲದಲ್ಲೇ ಆ ಮನೆ ಕಟ್ಟಿಸಿಕೊಟ್ಟ. ಅಪ್ಪ ಹೋದ ಮೇಲೆ ಹೊಲವನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದೆ. ಅದಕ್ಕೆ ಲಗತ್ತಿಸುವ ನಕ್ಷೆ ನಾನೇ ಬಿಡಿಸಿದೆ. ಗುಡಿ ಹಾಕಿದೆ, ಬಾವಿ ಹಾಕಿದೆ, ಹುಣಸೆಮರವನ್ನೂ ಹಾಕಿದೆ. ಅಕ್ಕನ ಮನೆಯ ಹತ್ತಿರ ಬಂದಾಗ ಪೆನ್ನು ನಿಂತಿತು. ಕಾಗದದ ಮೇಲೆ ಮನೆ ಬಂದರೆ ನಾಳೆ ಆ ಮನೆ ಪಾಲು ಕೇಳುತ್ತದೆ ಎಂದು ನನ್ನ ಅನುಮಾನ. ನನಗೆ ತುತ್ತು ಮಾಡಿ ಉಣ್ಣಿಸಿದ ಅಕ್ಕನ ಮೇಲೆ ಅನುಮಾನ! ಅಲ್ಲಿ ಬರೀ ಖಾಲಿ ಬಿಟ್ಟು, ಹಳೆಯ ಹಾಳೆಯಲ್ಲಿ ಇದ್ದಂತೆ ಬೇಚಿರಾಗ್ ಎಂದು ಬರೆದೆ. ಅವಳು ಆ ಹೊತ್ತಿನಲ್ಲಿ ದೀಪ ಹಚ್ಚುತ್ತಿದ್ದಿರಬಹುದು. ನಾನು ಕಣ್ಣು ಮುಚ್ಚಿದ ದಿನ ಆ ಹೊಲ ಕೊಂಡವರು ಯಾರಾದರೂ ಅವಳನ್ನು ಎಬ್ಬಿಸಿ ಹೊರಗೆ ಹಾಕಬಹುದು, ಆ ಮನೆ ಅವಳದು ಎನ್ನಲು ಒಂದು ಚೂರು ಕಾಗದವಿಲ್ಲ. ಇದು ಗೊತ್ತಿದ್ದವನು ನಾನೊಬ್ಬನೇ ಎಂದು ನಂಬಿದ್ದೆ.

ಮುಂದಿನ ಭಾನುವಾರ ಮಧ್ಯಾಹ್ನ ಮಗಳು ಹತ್ತಿದ್ದರ ನಂತರದ ಬಸ್ಸು ಹಿಡಿದು ಗದ್ವಾಲಕ್ಕೆ ಹೋದೆ. ಮಗಳ ಬೆನ್ನು ಹತ್ತಿ ಹೋಗುವ ಅಪ್ಪ ಎಂಥವನು ಎಂದು ನೀವು ಕೇಳಬಹುದು. ಇಂಥವನೇ. ಹತ್ತಿಬೀಜದ ಅಂಗಡಿಯ ಮೇಲಿನ ಕೋಣೆ ಎಂದು ಅವಳೇ ಒಮ್ಮೆ ಅಂದಿದ್ದಳು, ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಒಬ್ಬ ಹೆಂಗಸು "ಎವರು ಕಾವಾಲಂಡಿ?" ಎಂದು ತೆಲುಗಿನಲ್ಲಿ ಯಾರು ಬೇಕೆಂದು ಕೇಳಿದಳು. ಒಳಗಿಂದ ಮಗಳು, "ನಮ್ಮಪ್ಪ, ಬರಲಿ ಬಿಡ್ರಿ," ಎಂದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅದೂ ನನಗೆ ಅನುಮಾನವೇ ಆಯಿತು.

ಬಾಗಿಲು ತೆರೆದವಳು ನರ್ಸು, ಇನ್ನೊಬ್ಬರು ನಾರಾಯಣಪೇಟೆ ಕಡೆಯ ಮದ್ದೂರಿನ ಮೇಷ್ಟ್ರು, ಮತ್ತೊಬ್ಬ ಬೀಜದಂಗಡಿಯವನು. ನಡುವೆ ನಮ್ಮ ಊರಿನ ನಕ್ಷೆ, ಅದರ ಮೇಲೆ ಮೂರು ಹುಣಸೆಬೀಜ. ಒಂದೊಂದು ಬೀಜ ಆಟದೊಳಗೆ ಒಬ್ಬೊಬ್ಬರ ಪಾತ್ರ. ದಾಳಕ್ಕೆ ಎಂಥೆಂಥದೋ ಮುಖಗಳು, ಎಣಿಸಲು ಹೋಗಿ ಸೋತೆ. ಪೈಸೆ ಎಲ್ಲೂ ಕಾಣಲಿಲ್ಲ. ಮಗಳು ಕಥೆ ನಡೆಸುತ್ತಿದ್ದಳು, ಇವರು ಅದರೊಳಗೆ ಓಡಾಡುತ್ತಿದ್ದರು. ದೊಡ್ಡವರು ಇಷ್ಟು ಗಂಭೀರವಾಗಿ ಆಡುವುದನ್ನು ನಾನು ನೋಡಿರಲಿಲ್ಲ.

ಮೇಷ್ಟ್ರು ತಮ್ಮ ಬೀಜವನ್ನು ಗುಡಿಯ ಹಿಂದಕ್ಕೆ ಸರಿಸಿ ಹೇಳಿದರು, "ದಫ್ತರದ ಹಳೇ ನಕ್ಷಾದಾಗ ಹುಣಸಿಗಿಡ ಐತಿ, ಮನಿ ಇಲ್ಲ, ದೀಪ ಇಲ್ಲ ಅಂತ ನೀನಾ ಹೇಳಿದಿ. ಇಲ್ಲಿ ದೀಪ ಕಾಣಸ್ತೈತಿ. ಯಾವುದು ಖರೇ?"

"ನೀವಾ ಹೋಗಿ ನೋಡ್ರಿ," ಎಂದಳು ಮಗಳು.

ನರ್ಸು ಹೆದರುತ್ತಾ ಬಾಗಿಲು ಬಡಿದಂತೆ ಮೇಜು ಬಡಿದಳು. "ಒಳಗ ಯಾರದೀರಿ? ದೆವ್ವೇನು?"

ಮಗಳ ದನಿ ಥಟ್ಟನೆ ಬದಲಾಯಿತು. "ದೆವ್ವಾಗಿದ್ರ ಒಲಿ ಯಾಕ ಊದ್ತಿದ್ದೆ? ಬರ್ರಿ, ರೊಟ್ಟಿ ತಿನ್ರಿ." ಅಕ್ಕನದೇ ದನಿ, ಅಕ್ಕನದೇ ಕೆಮ್ಮು. ಎಲ್ಲರೂ ನಕ್ಕರು.

"ಹಂಗಾರ ನಕ್ಷಾ ಬರ್ದಾವ ಸುಳ್ಳ," ಎಂದರು ಮೇಷ್ಟ್ರು.

"ಮರ್ತಿರಬೇಕು ಬಿಡ್ರಿ, ಪಾಪ," ಎಂದ ಬೀಜದಂಗಡಿಯವನು.

"ಹುಣಸಿಗಿಡ ನೆನಪಿಟ್ಟಾವ ಮನಿ ಮರೀತಾನೇನ್ರಿ?" ಎಂದಳು ನರ್ಸು.

ಮಗಳು ದಾಳ ಉರುಳಿಸಿದಳು. ನಾನು ಅವಳ ಮುಖವನ್ನೇ ನೋಡಿದೆ. ಅವಳು ದಾಳ ನೋಡುತ್ತಿದ್ದಳು. ನನ್ನ ಹಳೆಯ ಹಾಳೆಗಳ ಗಂಟನ್ನು ಅವಳು ಬಿಚ್ಚಿ ನೋಡಿದ್ದಳೋ, ಬೇಚಿರಾಗ್ ಎಂಬ ಮಾತನ್ನು ನನ್ನ ಬಾಯಲ್ಲೇ ಕೇಳಿದ್ದಳೋ, ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗಿಲ್ಲ. ಬರುವಾಗ ಆ ನಕ್ಷೆ ಕೇಳಿದೆ. ಕೊಟ್ಟಳು, ಯಾಕೆ ಎಂದು ಕೇಳಲಿಲ್ಲ.

ಮರುದಿನ ಅದನ್ನು ಸುತ್ತಿಕೊಂಡು ಅಕ್ಕನ ಮನೆಗೆ ಹೋದೆ. ನಿಜ ಹೇಳುತ್ತೇನೆ, ತಪ್ಪೊಪ್ಪಿಕೊಳ್ಳಲು ಹೋದದ್ದಲ್ಲ. ಅವಳ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಲು ಹೋದೆ. ಅಕ್ಕ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದಳು. ನೀರು ಕುಡಿಯುವ ಮೊದಲೇ ಕೇಳಿದೆ, "ಹೆಜ್ಜಿ ಯಾಕ ಎಣಿಸಿದಿ?"

"ಕೂಸು ಕೇಳ್ತು, ಎಣಿಸಿದೆ. ನನ್ನ ಮನಿ ಬಗ್ಗೆ ಯಾರು ಏನು ಕೇಳ್ತಾರಪ್ಪಾ? ಖುಷಿ ಆತು."

ಅಷ್ಟೇ. ಅವಳ ಮಾತನ್ನು ನಾನು ರೊಟ್ಟಿಯಂತೆ ತಿರುಗಿಸಿ ನೋಡಿದೆ, ಹಿಂದೆ ಏನೂ ಇರಲಿಲ್ಲ. ಹಾಳೆ ಬಿಚ್ಚಿ ಅವಳ ಮುಂದೆ ಹಾಸಿದೆ. ಅಕ್ಕನಿಗೆ ಓದು ಬರುವುದಿಲ್ಲ. ಬೆರಳು ಗುಡಿ ದಾಟಿ, ಬೇವು ದಾಟಿ, ಹಳದಿ ಚುಕ್ಕೆಯ ಮೇಲೆ ನಿಂತಿತು.

"ಇದು ನನ್ನ ದೀಪ ಅಲ್ಲೇನು? ಎಷ್ಟು ಚೆಂದ ಹಾಕ್ಯಾಳ." ಆಮೇಲೆ ತಲೆ ಎತ್ತಿ, ಸಹಜವಾಗಿ ಕೇಳಿದಳು, "ಅಪ್ಪ ಹೋದಮ್ಯಾಲ ನೀ ಒಂದು ನಕ್ಷಾ ಬರ್ದಿದ್ಯಲ್ಲ, ಅದರಾಗೂ ಹಿಂಗ ಹಾಕಿಯೇನು?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಓದಲಾರದವಳಿಗೆ ಯಾರು ತೋರಿಸುತ್ತಿದ್ದರು? ಆದರೆ ನರ್ಸಿನ ಮಾತು ಕಿವಿಯಲ್ಲೇ ಇತ್ತು.

"ಇಲ್ಲಕ್ಕ. ನಿನ್ನ ಮನೀನ ಹಾಕಿಲ್ಲ."

ಅವಳು ನನಗಾಗಿಯೇ ಒಂದು ಕಾರಣ ಹುಡುಕಿದಳು. "ಹಾಳಿಯಾಗ ಜಾಗಾ ಸಾಲಲಿಲ್ಲೇನು?"

ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. "ಜಾಗಾ ಇತ್ತಕ್ಕ," ಎಂದೆ.

ಅಕ್ಕ ನನ್ನನ್ನು ನೋಡಿದಳು. ಬೇರೆಯವರ ಕಣ್ಣಲ್ಲಿ ಅನುಮಾನ ಹುಡುಕುವುದೇ ನನ್ನ ಬಾಳಾಗಿತ್ತು, ಅವಳ ಕಣ್ಣಲ್ಲಿ ಅದನ್ನು ಅವತ್ತು ಮೊದಲ ಸಲ ಕಂಡೆ.

"ತಿದ್ದಿಸ್ತೀನಿ," ಎಂದೆ. "ಹೊಸದಾಗಿ ಅರ್ಜಿ ಹಾಕ್ತೀನಿ, ನಿನ್ನ ಹೆಸರಿಲೆ. ಅಳತಿ ಬೇಕು."

"ಎಣಿಸು," ಎಂದಳು ಅಕ್ಕ, ಎದ್ದು ನಿಂತು.

ನಾನು ಬಾಗಿಲಿನಿಂದ ಬಾವಿಯ ಕಡೆ ಹೆಜ್ಜೆ ಹಾಕತೊಡಗಿದೆ. ಹಿಂದೆ ಅವಳೂ ಬಂದಳು, ನನ್ನ ಒಂದೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಎಣಿಸುತ್ತಾ.