ಬಾಣ ಬಿಟ್ಟ ಮೇಲೆ

ಮೊಮ್ಮಗಳಿಗೆ ಬಿಲ್ಲು ಹಿಡಿಯುವುದನ್ನು ಕಲಿಸಿದವನು ನನ್ನ ಅಳಿಯ. ಆ ಡಿಸೆಂಬರ್‌ನಲ್ಲಿ ಅವನಿಗೆ ಸೊಂಟ ಹಿಡಿದುಕೊಂಡು ಮರ ಹತ್ತಲಾಗಲಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಜಿಂಕೆ ಬೇಟೆಗೆಂದು ಕಾಡಿಗೆ ಕಳಿಸಲು ಮಗಳು ಒಪ್ಪಲಿಲ್ಲ.

"ನಾನು ಹೋಗ್ತೀನಿ ಬಿಡೆ, ಕೂತ್ಕೊಳ್ಳೋದು ತಾನೆ" ಅಂದೆ.

ಮಗಳ ಮನೆಯಿರುವ ಬ್ಯಾಲಂಟೈನ್‌ನಿಂದ ದಕ್ಷಿಣಕ್ಕೆ ಅಳಿಯನ ಗೆಳೆಯನೊಬ್ಬನ ಜಮೀನಿದೆ. ಅಲ್ಲಿಯವರೆಗೆ ಮೊಮ್ಮಗಳೇ ಡ್ರೈವ್ ಮಾಡಿದಳು.

ಓಕ್ ಮರಕ್ಕೆ ಒರಗಿಸಿ ಕಟ್ಟಿದ ಏಣಿ, ಅದರ ತುದಿಯಲ್ಲಿ ಇಬ್ಬರು ಕೂರುವಷ್ಟು ಅಟ್ಟಣೆ. ಅಳಿಯನ ದಪ್ಪ ಪ್ಯಾಂಟು ಹಾಕಿಕೊಂಡು ಹತ್ತಿದೆ. ಮೊಮ್ಮಗಳು ನನ್ನನ್ನು ಬೆಲ್ಟಿನಿಂದ ಮರಕ್ಕೆ ಬಿಗಿದಳು.

"ಹಸು ಕಟ್ಟಿದ ಹಾಗೆ ಕಟ್ತೀಯಲ್ಲೇ."

"ಶ್, ಅಜ್ಜಿ. ಹಸು ಇಷ್ಟು ಮಾತಾಡಲ್ಲ."

ಬೆಳಕು ಹರಿದರೂ ಚಳಿ ಬಿಡಲಿಲ್ಲ. ಅವಳ ಬೆರಳುಗಳು ಸೆಟೆದಿದ್ದವು. ಎಳೆದು ನನ್ನ ಕಂಕುಳಿಗೆ ಸಿಕ್ಕಿಸಿಕೊಂಡೆ. ಚಿಕ್ಕವಳಿದ್ದಾಗ ಹೀಗೆ ಹಿಡಿದರೆ ಒದ್ದಾಡುತ್ತಿದ್ದಳು. ಈಗ ಸುಮ್ಮನಿದ್ದಳು.

ಹೆಣ್ಣು ಜಿಂಕೆಯೊಂದು ಬಂತು. ಅವಳು ಮೆಲ್ಲಗೆ ಎದ್ದು ನಿಂತು ಬಾಣ ಬಿಟ್ಟಳು. ಜಿಂಕೆ ಎಗರಿ ಪೊದೆಯೊಳಗೆ ಓಡಿಹೋಯಿತು. ಅವಳ ಬಾಣ ಒಂದು ಜೀವಕ್ಕೆ ತಾಗಿದ್ದು ಅದೇ ಮೊದಲು.

"ಅಜ್ಜಿ, ಐ ಹರ್ಟ್ ಇಟ್. ಅದು ಸಾಯದೆ ಎಲ್ಲೋ ಬಿದ್ದಿದ್ರೆ? ಸಿಗದೇ ಹೋದ್ರೆ?"

ಕೆಳಗಿಳಿಯಲು ತನ್ನ ಬೆಲ್ಟು ಬಿಚ್ಚತೊಡಗಿದಳು. ಬಾಣ ತಾಗಿದ ಮೇಲೆ ಅರ್ಧ ಗಂಟೆ ಇಳಿಯಬಾರದು ಎಂದು ಕಾರಿನಲ್ಲಿ ನನಗೆ ಹೇಳಿದ್ದವಳು ಅವಳೇ.

"ಕೂತ್ಕೊ. ಅಟ್ಟಿಸ್ಕೊಂಡು ಹೋದ್ರೆ ಗಾಯ ಇಟ್ಕೊಂಡು ಇನ್ನೂ ಓಡುತ್ತೆ. ಬಿಟ್ರೆ ಒಂದು ಕಡೆ ಮಲಗುತ್ತೆ."

ಕೂತು ಅತ್ತಳು. ಅಳಬೇಡ ಎಂದು ನಾನು ಹೇಳಲಿಲ್ಲ. ಬಾಣ ಬಿಟ್ಟವಳು ಅತ್ತರೆ ತಪ್ಪೇನು. ಮೂಗು ಮಾತ್ರ ಒರೆಸಿದೆ.

ಆಮೇಲೆ ಇಳಿದು, ಒಣ ಎಲೆಗಳ ಮೇಲಿನ ರಕ್ತದ ಜಾಡು ಹಿಡಿದು ಹೋದೆವು. ಹಳ್ಳದ ಪಕ್ಕದಲ್ಲಿ ಜಿಂಕೆ ಸತ್ತು ಬಿದ್ದಿತ್ತು.

"ಅದಕ್ಕೆ ನೋವಾಯ್ತಾ?"

"ಆಯ್ತು. ಜಾಸ್ತಿ ಹೊತ್ತಲ್ಲ. ನೋಡು, ದೂರ ಓಡಿಲ್ಲ."

ಸತ್ತವರ ಬಾಯಿಗೆ ನೀರು ಬಿಡದೆ ನಮ್ಮಲ್ಲಿ ಕಳಿಸುವುದಿಲ್ಲ. ಜಿಂಕೆಗೂ ಬಿಡಬೇಕೆಂದು ಯಾರೂ ಹೇಳಿಲ್ಲ. ಆದರೂ ಫ್ಲಾಸ್ಕ್ ತೆಗೆದು, ಯಾಕೆಂದು ಅವಳಿಗೆ ಹೇಳಿದೆ. ನನ್ನ ಕೈಯಿಂದ ಈಸಿಕೊಂಡು ಮಂಡಿಯೂರಿದಳು. ಜಿಂಕೆಯ ತುಟಿ ಬಿಡಿಸಿ ನಿಧಾನವಾಗಿ ಹನಿಸಿದಳು.

"ಇನ್ನೂ ಹಾಕ್ಲಾ?"

"ಸಾಕು. ಉಳಿದದ್ದು ನೀನು ಕುಡಿ. ಬೆಳಗ್ಗೆಯಿಂದ ಬರೀ ಹೊಟ್ಟೇಲಿದ್ದೀಯ."

ಕುಡಿದಳು. ಆಮೇಲೆ ಅಪ್ಪನಿಗೆ ಫೋನ್ ಮಾಡಿ, "ಸಿಕ್ತು ಅಪ್ಪ" ಅಂದಳು.